ಜೇನ್ನೊಣವೂ ಗಂಧಪರೀಕ್ಷೆಯೂ

ಪೀಡಿಸುವ ಪ್ರಾಣಿಯನ್ನು ಕೊಲ್ಲದೆ ಓಡಿಸಿದರೆ ಅದು ದಯೆಯೆನಿಸುವುದೇ, ಅಥವಾ ಹಿಂಸೆಯ ಸೌಮ್ಯರೂಪವೆನಿಸುವುದೇ ಎಂಬುದು ಧರ್ಮವಿಚಾರದಲ್ಲಿ ಹಳೆಯ ಪ್ರಶ್ನೆ. ಈಚಿನ ವರ್ಷಗಳಲ್ಲಿ ಅದು ಜೇನ್ನೊಣದ ಸಂಬಂಧದಲ್ಲಿ ಹೊಸ ರೂಪವನ್ನು ತಾಳಿದೆ. ಬೇವು, ನಿಂಬೆಹುಲ್ಲು, ನೀಲಗಿರಿ, ಲವಂಗ, ಬೆಳ್ಳುಳ್ಳಿ ಮೊದಲಾದ ಸಸ್ಯಗಳ ಗಂಧದಿಂದ ಜೇನ್ನೊಣಗಳು ಹಿಂದೆಗೆಯುವುವೇ ಎಂದು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ; ಗೃಹಸ್ಥರಾದರೋ ಪರೀಕ್ಷೆಯ ಫಲಕ್ಕೆ ಕಾಯದೆಯೇ ಅವನ್ನು ಬಳಸುತ್ತಲೂ ಇದ್ದಾರೆ. ಗಂಧವು ವಿಷವಲ್ಲ, ಸಸ್ಯದಿಂದ ಬಂದುದು, ಆದುದರಿಂದ ನಿರ್ದೋಷವಾದುದು ಎಂಬ ಭಾವನೆ ಈ ಬಳಕೆಗೆ ಆಧಾರವಾಗಿದೆ. ಈ ಭಾವನೆಯಲ್ಲಿ ಸತ್ಯವೆಷ್ಟು, ಬರಿಯ ಮನಸ್ಸಮಾಧಾನವೆಷ್ಟು ಎಂಬುದು ವಿಚಾರಾರ್ಹವಾದ ಸಂಗತಿ.

ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಜನರಿಗೆ ಈ ವಿಚಾರವು ಹೊರಗಿನದಲ್ಲ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆಯ ಮಹದೇಶ್ವರನ ಎಪ್ಪತ್ತೇಳು ಮಲೆ, ಇವುಗಳ ತಪ್ಪಲಿನಲ್ಲಿ ಹೊಲ, ಗದ್ದೆ, ಹಿಪ್ಪುನೇರಳೆಯ ತೋಟ. ಬೆಟ್ಟದ ಸೋಲಿಗರು ಜೇನಿನ ನಾಲ್ಕು ಜಾತಿಗಳನ್ನು ಹೆಸರಿಟ್ಟು ಬಲ್ಲರು. ಬಂಡೆಯ ಮೈಗೂ ಎತ್ತರದ ಮರದ ಕೊಂಬೆಗೂ ಒಂದೇ ದೊಡ್ಡ ಎರಿಯನ್ನು ಬಯಲಿನಲ್ಲಿ ಕಟ್ಟುವುದು ಹೆಜ್ಜೇನು. ಮರದ ಪೊಟರೆಯಲ್ಲಿಯೂ ಗೋಡೆಯ ಸಂದಿನಲ್ಲಿಯೂ ಹಲವು ಎರಿಗಳನ್ನು ಸಾಲಾಗಿ ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿಯನ್ನು ಕಟ್ಟುವುದು ಕಡ್ಡಿಜೇನು. ಕುಟುಕಲರಿಯದ ಪುಟ್ಟ ಜಾತಿ ನಸರಿ. ಇವುಗಳಲ್ಲಿ ಊರಿನವರಿಗೆ ಭಯವನ್ನುಂಟುಮಾಡುವುದು ಹೆಜ್ಜೇನೊಂದೇ. ಅದು ಕೆರಳಿದರೆ ಒಂದೆರಡು ನೊಣಗಳು ಬರುವುದಿಲ್ಲ, ಹಿಂಡೇ ಬರುತ್ತದೆ. ಮನುಷ್ಯರ ಪ್ರಾಣವನ್ನೇ ತೆಗೆದ ಪ್ರಸಂಗಗಳೂ ಉಂಟು. ಆದರೆ ಕಾಡಿನ ಮರಗಳಿಗೂ ಹೊಲದ ಬೆಳೆಗಳಿಗೂ ಪರಾಗವನ್ನು ಸಾಗಿಸಿ ಕಾಯಿಕಟ್ಟಿಸುವ ಕೆಲಸದಲ್ಲಿ ಮುಂದಾಳೂ ಅದೇ.

ಜೇನನ್ನು ಓಡಿಸಬೇಕೆಂಬ ಇಚ್ಛೆ ಮನುಷ್ಯನಿಗೆ ಮೂರು ಸಂದರ್ಭಗಳಲ್ಲಿ ಉಂಟಾಗುತ್ತದೆ. ಮೊದಲನೆಯದು ಲೋಭದ ಅಥವಾ ಜೀವನೋಪಾಯದ ಸಂದರ್ಭ. ಎರಿಯಲ್ಲಿರುವ ಮಧುವನ್ನು ತೆಗೆಯಬೇಕು, ಅದಕ್ಕಾಗಿ ನೊಣಗಳು ಕೆಲಹೊತ್ತು ಪಕ್ಕಕ್ಕೆ ಸರಿಯಬೇಕು. ಎರಡನೆಯದು ಭಯದ ಸಂದರ್ಭ. ಊರ ಗುಡಿಯ ಗೋಪುರದಲ್ಲಿ ಹೆಜ್ಜೇನು ಕಟ್ಟಿದೆ, ರಥೋತ್ಸವ ಹತ್ತಿರ ಬಂದಿದೆ, ಬಾಣಬಿರುಸುಗಳ ಸದ್ದಿಗೆ ಅದು ಎದ್ದರೆ ಮಕ್ಕಳುಮರಿಗಳ ಗತಿಯೇನು? ಮೂರನೆಯದು ದಯೆಯ ಸಂದರ್ಭ; ಹೊಲಕ್ಕೆ ಕೀಟನಾಶಕವನ್ನು ಸಿಂಪಡಿಸಬೇಕಾಗಿದೆ, ಹೂವಿಗೆ ಬಂದ ನೊಣಗಳು ವಿಷದಿಂದ ಸಾಯದಂತೆ ಅವನ್ನು ಮೊದಲೇ ದೂರವಿಡಬೇಕು. ಈ ಮೂರಕ್ಕೂ ಒಂದೇ ಗಂಧವು ಸಾಧನವಾಗಬಹುದು. ಸಾಧನವೊಂದೇ ಆದಮಾತ್ರಕ್ಕೆ ಕರ್ಮವೂ ಒಂದೇ ಆಗುವುದಿಲ್ಲವೆಂಬುದು ಸ್ಪಷ್ಟ. ಆದರೆ ಕರ್ಮದ ವಿಚಾರಕ್ಕೆ ಮುಂಚೆ, ಸಾಧನವು ನಿಜವಾಗಿಯೂ ಸಾಧನವೇ ಎಂಬುದು ನಿರ್ಣಯವಾಗಬೇಕು. ಆಗದ ಉಪಾಯವನ್ನು ಧರ್ಮ್ಯವೋ ಅಧರ್ಮ್ಯವೋ ಎಂದು ಚರ್ಚಿಸುವುದು ವ್ಯರ್ಥ.

ಈ ನಿರ್ಣಯಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯವ್ಯತಿರೇಕವೆಂಬ ಕ್ರಮವಿದೆ. ಗಂಧವಿದ್ದಲ್ಲಿ ನೊಣಗಳು ಹಿಂದೆಗೆಯಬೇಕು, ಇದು ಅನ್ವಯ. ಗಂಧವಿಲ್ಲದಲ್ಲಿ ಹಿಂದೆಗೆಯಬಾರದು, ಇದು ವ್ಯತಿರೇಕ. ಎರಡೂ ಕಂಡಾಗ ಮಾತ್ರವೇ ಕಾರ್ಯಕಾರಣಭಾವವನ್ನು ಒಪ್ಪಬೇಕು. ಜನರ ಮಾತಿನಲ್ಲಿ ಸಾಮಾನ್ಯವಾಗಿ ಇರುವುದು ಅನ್ವಯ ಮಾತ್ರ. ಗೋಡೆಗೆ ಬೇವಿನೆಣ್ಣೆ ಬಳಿಯಲಾಯಿತು, ವಾರದೊಳಗೆ ಹೆಜ್ಜೇನು ಎದ್ದುಹೋಯಿತು, ಆದುದರಿಂದ ಬೇವಿನೆಣ್ಣೆಯೇ ಕಾರಣ ಎಂದು ಹೇಳುವರು. ಆದರೆ ಹೆಜ್ಜೇನು ಋತುವನ್ನೂ ಹೂವನ್ನೂ ಅನುಸರಿಸಿ ವಲಸೆ ಹೋಗುವ ಜಾತಿ. ಕೆಲವು ತಿಂಗಳಿದ್ದು, ಮರಿಗಳೆದ್ದ ಬಳಿಕ, ಯಾರೂ ಏನೂ ಮಾಡದಿದ್ದರೂ ಅದು ಎದ್ದುಹೋಗುತ್ತದೆ. ಎಣ್ಣೆ ಬಳಿಯದ ಪಕ್ಕದ ಮರದ ಎರಿಯೂ ಅದೇ ವಾರ ಬರಿದಾಯಿತೇ ಎಂದು ನೋಡಿದವರು ವಿರಳ. ಹೀಗೆ ನೋಡದಿದ್ದರೆ ಫಲವು ಕಾಕತಾಲೀಯವೆಂದೇ ಎಣಿಸತಕ್ಕದ್ದು. ಕಾಗೆ ಕುಳಿತದ್ದೂ ತಾಳೆಯ ಹಣ್ಣು ಬಿದ್ದದ್ದೂ ಒಂದೇ ಗಳಿಗೆಯಲ್ಲಿ ಆದಮಾತ್ರಕ್ಕೆ ಕಾಗೆ ಹಣ್ಣನ್ನು ಕೆಡವಿದಂತಾಗಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷ ಉಪಾಧಿಯದು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎಂಬ ವ್ಯಾಪ್ತಿಯು ತಪ್ಪೆಂದೂ, ಹಸಿ ಸೌದೆಯ ಸಂಯೋಗವು ಅಲ್ಲಿ ಉಪಾಧಿಯೆಂದೂ ತರ್ಕದ ಬಾಲಪಾಠದಲ್ಲಿಯೇ ಹೇಳುತ್ತಾರೆ. ಆ ಹಳೆಯ ಉದಾಹರಣೆ ಇಲ್ಲಿ ಅಕ್ಷರಶಃ ಒದಗಿಬರುತ್ತದೆ. ಜೇನು ಕೊಯ್ಯುವವರು ಹಸಿ ಸೊಪ್ಪನ್ನು ಒಣಗಿದ ಕಡ್ಡಿಯೊಡನೆ ಸುತ್ತಿ ಹೊಗೆ ಹಾಕುವರು. ನೊಣಗಳು ಸರಿದುದು ಸೊಪ್ಪಿನ ಗಂಧದಿಂದಲೋ ಹೊಗೆಯಿಂದಲೋ? ಗಂಧವಿಲ್ಲದ ಹುಲ್ಲಿನ ಹೊಗೆಯನ್ನೂ, ಹೊಗೆಯಿಲ್ಲದ ಸೊಪ್ಪಿನ ರಸವನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದಲ್ಲದೆ ಇದು ತಿಳಿಯದು. ಹೊಗೆಯ ಪ್ರಭಾವವಂತೂ ಪರೀಕ್ಷಿತವಾದುದು. ಹೊಗೆ ತಗುಲಿದ ನೊಣದ ಮೀಸೆಗಳು ಕೆಲವು ನಿಮಿಷಗಳ ಕಾಲ ಅಪಾಯಸೂಚಕ ಗಂಧವನ್ನು ಗ್ರಹಿಸುವ ಶಕ್ತಿಯಲ್ಲಿ ಕುಂದುತ್ತವೆಂದು 1995ರಲ್ಲಿ ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಅಂದರೆ ಹೊಗೆಯು ನೊಣವನ್ನು ಬೆದರಿಸುವುದಕ್ಕಿಂತ ಹೆಚ್ಚಾಗಿ, ಅವು ಒಂದಕ್ಕೊಂದು ಹೇಳಿಕೊಳ್ಳುವ ಮಾತನ್ನು ಕೇಳಿಸದಂತೆ ಮಾಡುತ್ತದೆ.

ಸರಿಯಾದ ಪರೀಕ್ಷೆ ಕಷ್ಟಸಾಧ್ಯವೇನಲ್ಲ. ಒಂದೇ ಅಳತೆಯ, ಒಂದೇ ಬಣ್ಣದ ಮೂರು ತಟ್ಟೆಗಳಲ್ಲಿ ಸಕ್ಕರೆಯ ನೀರನ್ನಿಡಬೇಕು. ಒಂದರ ಬಳಿ ಪರೀಕ್ಷಿಸಬೇಕಾದ ಗಂಧವನ್ನು ಎಣ್ಣೆಯಲ್ಲಿ ಬೆರೆಸಿಡುವುದು. ಎರಡನೆಯದರ ಬಳಿ ಬರಿಯ ಎಣ್ಣೆ. ಮೂರನೆಯದರ ಬಳಿ ಏನೂ ಇಲ್ಲ. ಬಂದ ನೊಣಗಳನ್ನು ಎಣಿಸುವವನಿಗೆ ಯಾವ ತಟ್ಟೆಯ ಬಳಿ ಏನಿದೆಯೆಂಬುದು ತಿಳಿದಿರಬಾರದು. ತಟ್ಟೆಗಳ ಸ್ಥಾನವನ್ನು ಮೇಲಿಂದ ಮೇಲೆ ಬದಲಿಸಬೇಕು. ಏಕೆಂದರೆ ನೊಣವು ಬಣ್ಣವನ್ನೂ ಎಡೆಯನ್ನೂ ಗಂಧವನ್ನೂ ಕಲಿತು ನೆನಪಿಡಬಲ್ಲದು. ಇದನ್ನು ತೋರಿಸಿಕೊಟ್ಟ ಕಾರ್ಲ್ ಫಾನ್ ಫ್ರಿಶ್ ಎಂಬ ವಿದ್ವಾಂಸನಿಗೆ 1973ರಲ್ಲಿ ನೊಬೆಲ್ ಪಾರಿತೋಷಕವು ಇನ್ನಿಬ್ಬರೊಡನೆ ಹಂಚಿಕೆಯಾಗಿ ದೊರೆಯಿತು. ಒಂದು ಗೂಡಿನ ನೊಣಗಳಲ್ಲಿ ಕಂಡದ್ದನ್ನು ಹಲವು ಗೂಡುಗಳಲ್ಲಿ ನೋಡಬೇಕು. ಇಷ್ಟಾದರೂ ತಟ್ಟೆಯ ಬಳಿ ಸಿಕ್ಕಿದ ಉತ್ತರ ತಟ್ಟೆಗೇ ಸಲ್ಲುವುದು. ಆಹಾರವನ್ನರಸಿ ಬಂದ ನೊಣವು ಇಲ್ಲಿ ಬೇಡವೆನಿಸಿದರೆ ಬೇರೆಡೆಗೆ ಹೋಗುತ್ತದೆ. ಗೂಡನ್ನು ಕಾಯುವ ನೊಣವು ಅದೇ ಗಂಧಕ್ಕೆ ಹೋಗುವ ಬದಲು ಮೇಲೆ ಬೀಳಬಹುದು.

ಈ ರೀತಿಯ ಶೋಧನೆಗಳಿಂದ ತಿಳಿದುಬಂದಿರುವ ಸಂಗತಿಗಳು ಮನುಷ್ಯನ ಊಹೆಯನ್ನು ಹಲವೆಡೆ ತಲೆಕೆಳಗು ಮಾಡಿವೆ. ನಿಂಬೆಹುಲ್ಲಿನ ಎಣ್ಣೆ ಸೊಳ್ಳೆಗೆ ಆಗದು, ಆದುದರಿಂದ ಜೇನಿಗೂ ಆಗದೆಂದು ಅನೇಕರ ನಂಬಿಕೆ. ಆದರೆ ಸಾಕುಜೇನಿನ ನೊಣವು ತನ್ನವರನ್ನು ಬಳಿಗೆ ಕರೆಯಲು ಹೊಟ್ಟೆಯ ತುದಿಯ ನಾಸನೋವ್ ಗ್ರಂಥಿಯಿಂದ ಹೊರಸೂಸುವ ಗಂಧದಲ್ಲಿ ಸಿಟ್ರಾಲ್ ಎಂಬ ದ್ರವ್ಯವಿದೆ. ನಿಂಬೆಹುಲ್ಲಿನ ಎಣ್ಣೆಯ ಮುಖ್ಯಾಂಶವೂ ಅದೇ. ಜೇನುಸಾಕಣೆಗಾರರು ಹಾರಾಡುವ ಹಿಂಡನ್ನು ಬರಿಯ ಪೆಟ್ಟಿಗೆಗೆ ಕರೆತರಲು ಈ ಎಣ್ಣೆಯನ್ನೇ ಸವರುತ್ತಾರೆ. ಓಡಿಸಲೆಂದು ಬಳಿದುದು ಆಹ್ವಾನಪತ್ರವಾಗಿ ಪರಿಣಮಿಸಬಹುದೆಂದ ಹಾಗಾಯಿತು. ಮತ್ತೊಂದು ಕಡೆ, ಕಳಿತ ಬಾಳೆಹಣ್ಣಿನ ಪರಿಮಳವು ಮನುಷ್ಯನಿಗೆ ಇಷ್ಟ. ಕುಟುಕಿದ ನೊಣದ ಕೊಂಡಿಯಿಂದ ಹೊರಡುವ ಯುದ್ಧಸೂಚಕ ಗಂಧವು ಆ ಪರಿಮಳವನ್ನೇ ಹೋಲುತ್ತದೆ. ತುಳಸಿ, ಬೇವು, ನೀಲಗಿರಿ ಇವುಗಳ ಎಲೆಯ ಗಂಧ ಜೇನನ್ನು ಓಡಿಸುತ್ತದೆ ಎನ್ನುವವರು, ಅದೇ ಗಿಡಮರಗಳ ಹೂವಿಗೆ ಜೇನು ಮುತ್ತುವುದನ್ನು ಕಣ್ಣಾರೆ ನೋಡಬಹುದು. ಸುಗಂಧ ದುರ್ಗಂಧಗಳೆಂಬ ವಿಭಾಗವು ಮನುಷ್ಯನ ಮೂಗಿಗೆ ಸಂಬಂಧಿಸಿದುದೇ ಹೊರತು ಜೇನಿನ ಮೀಸೆಗೆ ಸಂಬಂಧಿಸಿದುದಲ್ಲ.

ಹಾಗೆಂದು ಸಸ್ಯಗಂಧದಿಂದ ಜೇನು ಸರಿಯುವುದೇ ಇಲ್ಲವೆಂದು ಹೇಳುವುದೂ ಸತ್ಯವಾಗದು. ಕಹಿಬಾದಾಮಿಯ ಗಂಧವುಳ್ಳ ಬೆಂಜಾಲ್ಡಿಹೈಡ್ ಎಂಬ ದ್ರವ್ಯವನ್ನು ಬಟ್ಟೆಗೆ ಚಿಮುಕಿಸಿ ಪೆಟ್ಟಿಗೆಯ ಮೇಲಂತಸ್ತಿನಿಂದ ನೊಣಗಳನ್ನು ಕೆಳಗಿಳಿಸುವ ಪದ್ಧತಿ ಪಾಶ್ಚಾತ್ಯ ಸಾಕಣೆಗಾರರಲ್ಲಿ ರೂಢಿಯಲ್ಲಿದೆ; ಅಳತೆ ಮೀರಿದರೆ ನೊಣಗಳು ಸರಿಯುವ ಬದಲು ಮಂಕಾಗಿ ಬೀಳುತ್ತವೆ. ಅಂಡಮಾನ್ ದ್ವೀಪಗಳ ಓಂಗಿ ಜನರು ಒರೋಫಿಯಾ ಜಾತಿಯ ಗಿಡದ ಎಲೆಕಾಂಡಗಳನ್ನು ಅಗಿದು, ಅದರ ರಸವನ್ನು ಮೈಗೆ ಬಳಿದುಕೊಂಡು, ಹೆಜ್ಜೇನಿನ ಗೂಡಿನ ಕಡೆಗೆ ಉಗುಳಿ ಜೇನನ್ನು ತೆಗೆಯುವರೆಂಬುದು 1983ರಲ್ಲಿ ಸಸ್ಯಶಾಸ್ತ್ರಜ್ಞರ ಲೇಖನದಿಂದ ಲೋಕಕ್ಕೆ ತಿಳಿಯಿತು. ಆದುದರಿಂದ ಸಿದ್ಧವಾಗುವುದಿಷ್ಟು: ಕೆಲವು ಗಂಧಗಳು, ಕೆಲವು ಅಳತೆಯಲ್ಲಿ, ಕೆಲವು ಜಾತಿಯ ಜೇನನ್ನು, ಕೆಲವು ಹೊತ್ತು ಸರಿಸಬಲ್ಲವು. ಇದರಾಚೆಗೆ ಹೇಳುವುದು ಪರೀಕ್ಷೆಗೆ ಮುಂಚಿನ ಮಾತು.

ಪರೀಕ್ಷೆಯೆಂಬುದರಲ್ಲಿಯೂ ಒಂದು ಧರ್ಮವಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ಮಹದೇಶ್ವರನ ಕಥೆಯನ್ನು ಹಾಡುವ ದೇವರಗುಡ್ಡರ ಬಾಯಲ್ಲಿ ಸೋಲಿಗರ ನೀಲೇಗೌಡ, ಸಂಕಮ್ಮ ಇವರ ಪ್ರಸಂಗವನ್ನು ಕೇಳದವರು ಈ ಸೀಮೆಯಲ್ಲಿ ಇಲ್ಲ. ಕಾಡಿಗೆ ಹೊರಟ ನೀಲೇಗೌಡನು ಹೆಂಡತಿಯ ಶೀಲದ ವಿಷಯದಲ್ಲಿ ಭಾಷೆಯನ್ನು ಕೇಳಿದನು. ಅವಳು ಕೊಡಲೊಲ್ಲದಿರಲು ಅವಳನ್ನು ಘೋರವಾಗಿ ಪೀಡಿಸಿದನು. ದೇವನು ಬಂದು ಅವಳನ್ನು ಕಾಪಾಡಿದನು. ಇದು ಪರೀಕ್ಷೆಯ ವೇಷವನ್ನು ಹಾಕಿದ ಅವಿಶ್ವಾಸ. ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳುವವನು ಪರೀಕ್ಷಕನಲ್ಲ. ತನ್ನ ಪ್ರಶ್ನೆಯೇ ತಪ್ಪಾಗಿರಬಹುದೆಂದು ಒಪ್ಪಲು ಸಿದ್ಧನಾಗಿರುವವನೇ ಪರೀಕ್ಷಕ. ಇನ್ನೊಬ್ಬರ ಮೇಲೆ ನಡೆಸುವ ಪರೀಕ್ಷೆಯಲ್ಲಿ ನೋವು ಯಾರಿಗೆ, ಲಾಭ ಯಾರಿಗೆ ಎಂಬ ಲೆಕ್ಕವೂ ಇರಬೇಕು. ಗಂಧದ ಪದಾರ್ಥವನ್ನು ಮಾರುವವನು ತಾನೇ ಅದನ್ನು ಪರೀಕ್ಷಿಸಿ ಫಲಿಸಿತೆಂದು ಸಾರಿದರೆ, ಅಲ್ಲಿ ನೀಲೇಗೌಡನ ಪರೀಕ್ಷೆಯ ಛಾಯೆಯೇ ಇರುತ್ತದೆ. ಭೇದವೇನೆಂದರೆ ಇಲ್ಲಿ ಬೇಕಾದ ಉತ್ತರ ಹೌದೆಂಬುದು, ಅಷ್ಟೆ.

ಇನ್ನು ಮುಖ್ಯವಾದ ವಿಚಾರ. ಗಂಧವು ಫಲಿಸಿತೆಂದೇ ಇಟ್ಟುಕೊಂಡರೂ ಅದರಿಂದ ಜೇನನ್ನು ಓಡಿಸುವುದು ನಿರ್ದೋಷವೇ? ಇಲ್ಲಿ ಎರಡು ಪೂರ್ವಪಕ್ಷಗಳುಂಟು. ಜೈನಾಚಾರ್ಯರು ಮಧುವನ್ನು ಮದ್ಯಮಾಂಸಗಳ ಜೊತೆಯಲ್ಲಿಯೇ ವರ್ಜ್ಯವೆಂದು ಎಣಿಸಿದರು. ಅಮೃತಚಂದ್ರಸೂರಿಯು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಾನಾಗಿ ತೊಟ್ಟಿಕ್ಕಿದ ಮಧುವನ್ನು ತೆಗೆದುಕೊಂಡರೂ, ಉಪಾಯದಿಂದ ಗೂಡಿನಿಂದ ಪಡೆದರೂ, ಅದನ್ನಾಶ್ರಯಿಸಿದ ಜೀವಗಳ ಘಾತವಾಗುವುದರಿಂದ ಹಿಂಸೆ ತಪ್ಪದೆಂಬ ಅಭಿಪ್ರಾಯವನ್ನು ಕೊಡುತ್ತಾನೆ. ಆತನ ದೃಷ್ಟಿಯಲ್ಲಿ ಹೊಗೆಯೂ ಗಂಧವೂ ಉಪಾಯಗಳೇ. ಕೈಯಿಂದ ಕೊಲ್ಲಲಿಲ್ಲವೆಂಬುದು ಪರಿಹಾರವಾಗದು. ಇದಕ್ಕೆ ಎದುರಾದ ಪಕ್ಷ ಲೌಕಿಕರದು. ಕರಡಿ ಜೇನನ್ನು ಕಿತ್ತು ತಿನ್ನುತ್ತದೆ, ಅದಕ್ಕೆ ಪಾಪವಿಲ್ಲ. ಮನುಷ್ಯನು ಕೊಲ್ಲದೆ ಸರಿಸಿ ತೆಗೆದರೆ ಕರಡಿಗಿಂತ ಮೇಲಾದನಲ್ಲವೇ, ಎಂದು ಅವರ ವಾದ.

ಈ ಎರಡರಲ್ಲಿ ಮೊದಲನೆಯ ಪಕ್ಷವು ಆಚಾರಕ್ಕೆ ಕಠಿನವಾದರೂ ಒಂದು ಸತ್ಯವನ್ನು ಎತ್ತಿತೋರಿಸುತ್ತದೆ. ಓಡಿಸಿದಾಗ ಹಾರಬಲ್ಲ ನೊಣಗಳು ಮಾತ್ರ ಹೋಗುತ್ತವೆ. ಎರಿಯ ಕೋಣೆಗಳಲ್ಲಿರುವ ಮೊಟ್ಟೆಮರಿಗಳು ಹೋಗಲಾರವು. ದೊಡ್ಡವು ಎದ್ದುಹೋದ ಮೇಲೆ ಆ ಮರಿಗಳು ಹಸಿವಿನಿಂದಲೂ ಬಿಸಿಲಿನಿಂದಲೂ ಇರುವೆಗಳಿಂದಲೂ ಸಾಯುತ್ತವೆ. ಹೊರಗೆ ನಿಂತು ನೋಡಿದವನು, ಒಂದು ನೊಣವೂ ಸಾಯಲಿಲ್ಲ, ಎಲ್ಲವೂ ಹಾರಿಹೋದವು ಎಂದು ಹರ್ಷಪಡುವನು. ಗಂಧಪ್ರಯೋಗದ ಅಹಿಂಸೆಯೆಂಬುದು ಹೆಚ್ಚಿನ ಸಂದರ್ಭಗಳಲ್ಲಿ ಕಣ್ಣಿಗೆ ಬೀಳದ ಹಿಂಸೆಯ ಮತ್ತೊಂದು ಹೆಸರು. ಎರಡನೆಯ ಪಕ್ಷಕ್ಕೆ ಸಮಾಧಾನವೇನೆಂದರೆ, ಕರಡಿಗೆ ಎದುರಿರುವುದು ತನ್ನ ಹಸಿವೊಂದೇ. ಮನುಷ್ಯನಿಗಾದರೋ ಮರಿಗಳಿರುವ ಸಂಗತಿಯೂ, ಅವು ಏಳಲು ಬೇಕಾದ ಕಾಲವೂ ಗೊತ್ತು. ತಿಳಿದವನ ಹೊಣೆ ತಿಳಿಯದವನ ಹೊಣೆಗಿಂತ ಹೆಚ್ಚು. ಅದರಲ್ಲಿಯೂ ನೊಣಗಳ ಮಾತನ್ನು ಹೊಗೆಯಿಂದ ಕಟ್ಟಿ ಅವು ತಮ್ಮನ್ನು ತಾವು ಕಾಪಾಡಿಕೊಳ್ಳದಂತೆ ಮಾಡಿದವನಿಗೆ, ಆ ಗಳಿಗೆಯಲ್ಲಿ ಗೂಡನ್ನು ಕಾಪಾಡುವ ಭಾರವೂ ಬರುತ್ತದೆ. ಕಾವಲುಗಾರನ ಕಣ್ಣನ್ನು ಕಟ್ಟಿದವನು ಮನೆಯ ಹೊಣೆಯನ್ನು ಹೊತ್ತಂತೆಯೇ ಸರಿ.

ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ನೀತಿಯನ್ನು ಹೇಳುವಾಗ, ಹೂವಿಗೆ ನೋವಾಗದಂತೆ ಮಧುವನ್ನು ತೆಗೆದುಕೊಳ್ಳುವ ದುಂಬಿಯಂತೆ ಅರಸನು ಪ್ರಜೆಗಳಿಂದ ಕರವನ್ನು ತೆಗೆದುಕೊಳ್ಳಬೇಕೆನ್ನುತ್ತಾನೆ. ಮಧುವನ್ನು ಹೇಗೆ ತೆಗೆಯಬೇಕೆಂಬ ಪಾಠಕ್ಕೆ ಜೇನ್ನೊಣದ ಕುಲವೇ ದೃಷ್ಟಾಂತವಾಯಿತು. ಆ ನೊಣದಿಂದ ಮನುಷ್ಯನು ತೆಗೆಯುವಾಗ ಮಾತ್ರ ಈ ನ್ಯಾಯವು ಅನ್ವಯಿಸುವುದಿಲ್ಲವೆಂದರೆ ಹೇಗೆ? ಸೋಲಿಗರ ಬಾಳಿನಲ್ಲಿ ಈ ನ್ಯಾಯದ ಆಚರಣೆ ಬಹುಮಟ್ಟಿಗೆ ಕಾಣುತ್ತದೆ. ಕಂಡ ಗೂಡುಗಳನ್ನೆಲ್ಲ ಕೊಯ್ಯದೆ ಕೆಲವನ್ನು ಬಿಡುವುದು, ತೆಗೆದುದರಲ್ಲಿ ಒಂದು ಪಾಲನ್ನು ಕಾಡಿನ ಇತರ ಜೀವಗಳಿಗೆಂದು ಬಿಡುವುದು ಅವರಲ್ಲಿ ಹಿಂದಿನಿಂದ ಬಂದ ಕ್ರಮ. ಹೆಜ್ಜೇನಿನ ಎರಿಯಲ್ಲಿ ಮಧುವು ಕೊಂಬೆಗೆ ಅಂಟಿದ ಮೇಲ್ಭಾಗದಲ್ಲಿಯೂ ಮರಿಗಳು ಕೆಳಭಾಗದಲ್ಲಿಯೂ ಇರುವುದರಿಂದ, ಮಧುವಿನ ಭಾಗವನ್ನು ಮಾತ್ರ ಕೊಯ್ದು ಮರಿಗಳ ಭಾಗವನ್ನು ಉಳಿಸುವ ವಿಧಾನವೂ ಈಗ ಬಳಕೆಗೆ ಬಂದಿದೆ. ಹೀಗೆ ತೆಗೆದರೆ ಸರಿದ ನೊಣಗಳು ಮರಳಿ ಬರಲು ಒಂದು ಮನೆ ಉಳಿದಿರುತ್ತದೆ. ಸರಿಸುವುದಕ್ಕೂ ಓಡಿಸುವುದಕ್ಕೂ ಇರುವ ಭೇದವೇ ಇದು: ಸರಿಸಿದವನು ಮರಳುವ ದಾರಿಯನ್ನು ಬಿಟ್ಟಿರುತ್ತಾನೆ, ಓಡಿಸಿದವನು ಬಿಟ್ಟಿರುವುದಿಲ್ಲ.

ಈ ಭೇದವು ಜೇನಿಗೆ ಮಾತ್ರ ಸಲ್ಲುವುದಲ್ಲವೆಂಬುದನ್ನು ಆ ಸೋಲಿಗರ ಚರಿತ್ರೆಯೇ ತೋರಿಸುತ್ತದೆ. ಬಿಳಿಗಿರಿರಂಗನನ್ನು ತಮ್ಮ ಮನೆಯ ಹೆಣ್ಣನ್ನು ವರಿಸಿದ ಭಾವನೆಂದು ಕರೆಯುವ ಈ ಜನರು, 1974ರಲ್ಲಿ ಬೆಟ್ಟವು ವನ್ಯಜೀವಿಧಾಮವಾದ ಬಳಿಕ ಕಾಡಿನೊಳಗಿನ ಪೋಡುಗಳಿಂದ ಅಂಚಿಗೆ ಬಂದರು. ಯಾರೂ ಅವರನ್ನು ಕೊಲ್ಲಲಿಲ್ಲ. ಕಾಡಿನ ಮೇಲಣ ದಯೆಯಿಂದಲೇ ಅವರನ್ನು ಸರಿಸಲಾಯಿತು. ಮುಂದೆ ಕೆಲವು ವರ್ಷಗಳ ಕಾಲ ಜೇನು ಮೊದಲಾದ ಕಿರುಉತ್ಪನ್ನಗಳ ಸಂಗ್ರಹಣೆಗೂ ತಡೆ ಬಂದಿತು. 2006ರ ಅರಣ್ಯಹಕ್ಕುಗಳ ಕಾಯಿದೆಯ ಮೇರೆಗೆ 2011ರಲ್ಲಿ ಇಲ್ಲಿಯ 25 ಗ್ರಾಮಸಭೆಗಳಿಗೆ ಸಮುದಾಯದ ಹಕ್ಕುಪತ್ರಗಳು ದೊರೆತವು. ಅದೇ ವರ್ಷ ಬೆಟ್ಟವು ಹುಲಿಸಂರಕ್ಷಿತ ಪ್ರದೇಶವೆಂದೂ ಘೋಷಿತವಾಯಿತು. ಮೃದುವಾದ ಸಾಧನದಿಂದ ಒಬ್ಬರನ್ನು ಅವರ ಎಡೆಯಿಂದ ಎಬ್ಬಿಸಿದಾಗ, ಸಾಧನದ ಮೃದುತ್ವವು ಎಬ್ಬಿಸಿದುದರ ನ್ಯಾಯಾನ್ಯಾಯವನ್ನು ಮರೆಸುವ ಸಂಭವವುಂಟು.

ಭಯದ ಸಂದರ್ಭಕ್ಕೆ ಬಂದರೆ ನಿರ್ಣಯವು ಸ್ವಲ್ಪ ಸುಲಭ. ಮನುಷ್ಯರ ಪ್ರಾಣಕ್ಕೆ ಅಪಾಯವಿರುವಲ್ಲಿ ಹೆಜ್ಜೇನನ್ನು ಸರಿಸುವುದು ಅಧರ್ಮವೆಂದು ಯಾವ ಶಾಸ್ತ್ರವೂ ಹೇಳದು. ಆದರೆ ಈಗ ಸಾಮಾನ್ಯವಾಗಿ ನಡೆಯುವುದು ರಾತ್ರಿಯಲ್ಲಿ ಪಂಜಿನಿಂದ ಸುಡುವುದು, ಇಲ್ಲವೇ ವಿಷವನ್ನು ಸಿಂಪಡಿಸುವುದು. ಇವುಗಳ ಜೊತೆಯಲ್ಲಿಟ್ಟು ನೋಡಿದರೆ ಗಂಧವು ಮೇಲೆಂಬುದರಲ್ಲಿ ಸಂದೇಹವಿಲ್ಲ. ಗಂಧಕ್ಕಿಂತಲೂ ಮೇಲಾದ ಉಪಾಯವೊಂದುಂಟು, ಅದು ಕಾಯುವುದು. ಮೊಟ್ಟೆಯು ರೆಕ್ಕೆಯ ನೊಣವಾಗಲು ಸುಮಾರು 3 ವಾರಗಳು ಸಾಕು. ಋತು ಮುಗಿದರೆ ಹಿಂಡು ತಾನಾಗಿ ಎದ್ದುಹೋಗುತ್ತದೆ. ಅಲ್ಲಿಯವರೆಗೆ ಗೋಪುರದ ಕೆಳಗೆ ಹೊಗೆಯೂ ಬಾಣಬಿರುಸೂ ಬೇಡವೆಂದು, ಮಕ್ಕಳು ಕಲ್ಲೆಸೆಯದಂತೆ ನೋಡಿಕೊಳ್ಳಬೇಕೆಂದು ಊರವರು ಕಟ್ಟುಮಾಡಿಕೊಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಅಷ್ಟೇ ಸಾಕು. ಹಿಂಡು ಹೋದ ಮೇಲೆ ಅದು ಮತ್ತೆ ಅಲ್ಲಿಗೇ ಬಾರದಂತೆ ಹಳೆಯ ಮೇಣದ ಗುರುತನ್ನು ಕೆರೆದು, ಪರೀಕ್ಷೆಯಲ್ಲಿ ಫಲಿಸಿದ ಗಂಧವನ್ನು ಬಳಿಯುವುದಾದರೆ ಅದರಲ್ಲಿ ದೋಷವಿಲ್ಲ. ಕಟ್ಟಿದ ಮನೆಯಿಂದ ಎಬ್ಬಿಸುವುದು ಬೇರೆ, ಇಲ್ಲಿ ಕಟ್ಟಬೇಡವೆಂದು ಮೊದಲೇ ಹೇಳುವುದು ಬೇರೆ.

ಅತ್ಯಂತ ತೊಡಕಾದುದು ಮೂರನೆಯ ಸಂದರ್ಭ, ಏಕೆಂದರೆ ಅಲ್ಲಿ ದಯೆಯೇ ಕಾರಣವಾಗಿ ಕಾಣುತ್ತದೆ. ಹೂಬಿಟ್ಟ ಸೂರ್ಯಕಾಂತಿಗೋ ಕುಂಬಳದ ಬಳ್ಳಿಗೋ ವಿಷವನ್ನು ಹೊಡೆಯುವಾಗ ಜೇನು ಬಾರದಂತೆ ಗಂಧವನ್ನೂ ಬೆರೆಸಿದರೆ, ಬೆಳೆಯ ಹುಳು ಸಾಯುತ್ತದೆ, ಜೇನು ಉಳಿಯುತ್ತದೆ ಎಂಬುದು ಯೋಜನೆ. ಆದರೆ ಆ ಹೂಗಳು ಕಾಯಾಗಲು ಬೇಕಾದುದು ಜೇನೇ. ಗಂಧವು ಫಲಿಸಿದರೆ ಬೆಳೆಗೆ ನಷ್ಟ, ಫಲಿಸದಿದ್ದರೆ ಜೇನಿಗೆ ಸಾವು. ಗಂಧವು ಅರ್ಧ ಗಳಿಗೆಯಲ್ಲಿ ಆರಿಹೋಗಿ ವಿಷವು ದಿನಗಟ್ಟಲೆ ನಿಂತರೆ ಸಾವಿಗೆ ತಡವಾಯಿತೆಂಬುದೊಂದೇ ಲಾಭ. ಇದಕ್ಕಿಂತ ಹೆಚ್ಚಿನ ಅಪಾಯವು ಮನಸ್ಸಿಗೆ ಸಂಬಂಧಿಸಿದುದು. ಜೇನಿಗೆ ತೊಂದರೆಯಿಲ್ಲವೆಂಬ ಧೈರ್ಯ ಬಂದರೆ, ಹೂವಿನ ಕಾಲದಲ್ಲಿ ವಿಷ ಬೇಡ, ಹೊಡೆಯಲೇಬೇಕಾದರೆ ನೊಣಗಳು ಗೂಡಿಗೆ ಮರಳಿದ ಸಂಜೆಯಲ್ಲಿ ಹೊಡೆಯಿರಿ ಎಂಬ ಕೃಷಿಪಂಡಿತರ ಸರಳವಾದ ಹಿತವಚನವು ಬದಿಗೆ ಬೀಳುತ್ತದೆ. ಆಗ ದಯೆಯ ಗಂಧವು ವಿಷಕ್ಕೆ ಅನುಮತಿಪತ್ರವಾಗುತ್ತದೆ.

ಈ ವಿಷಯದಲ್ಲಿ ಕೊಳ್ಳೇಗಾಲದ ಸೀಮೆಗೆ ತನ್ನ ಮನೆಯೊಳಗೇ ಒಂದು ದೃಷ್ಟಾಂತವಿದೆ. ಇಲ್ಲಿಯ ರೇಷ್ಮೆಯ ಕಸುಬನ್ನು ಬಲ್ಲವರೆಲ್ಲರಿಗೂ ತಿಳಿದಂತೆ, ವಿಷದ ಸೋಂಕಿರುವ ಹಿಪ್ಪುನೇರಳೆಯ ಸೊಪ್ಪನ್ನು ತಿಂದ ಹುಳು ಗೂಡು ಕಟ್ಟದೆ ಸಾಯುತ್ತದೆ. ಆದುದರಿಂದ ರೈತನು ಹಿಪ್ಪುನೇರಳೆಯ ತೋಟದ ಬಳಿ ವಿಷವನ್ನು ಬಹು ಎಚ್ಚರದಿಂದ ಬಳಸುವನು. ಪಕ್ಕದ ಹೊಲದವನು ಸಿಂಪಡಿಸಿದ ವಿಷ ಗಾಳಿಯಲ್ಲಿ ಬಂದರೂ ಜಗಳಕ್ಕೆ ನಿಲ್ಲುವನು. ಅದೇ ರೈತನು ತನ್ನ ಮತ್ತೊಂದು ಹೊಲದಲ್ಲಿ ಅದೇ ವಿಷವನ್ನು ಧಾರಾಳವಾಗಿ ಹೊಡೆಯುವುದುಂಟು. ಎರಡೂ ಕೀಟವೇ, ಎರಡೂ ಮನುಷ್ಯನಿಗೆ ಉಪಕಾರಿಯೇ. ಭೇದವಿಷ್ಟೆ: ರೇಷ್ಮೆಯ ಹುಳು ಮನೆಯೊಳಗೆ ತಟ್ಟೆಯಲ್ಲಿ ಸಾಯುತ್ತದೆ, ಬೆಳಗ್ಗೆದ್ದರೆ ನಷ್ಟ ಕಣ್ಣಿಗೆ ಕಾಣುತ್ತದೆ, ಜೇನ್ನೊಣ ಎಲ್ಲೋ ಕಾಡಿನ ದಾರಿಯಲ್ಲಿ ಒಂದೊಂದಾಗಿ ಉದುರುತ್ತದೆ, ಯಾರಿಗೂ ಕಾಣುವುದಿಲ್ಲ. ರೇಷ್ಮೆಯ ಹುಳುವನ್ನು ಕಡೆಗೆ ಕುದಿನೀರಿಗೆ ಹಾಕುವುದರಿಂದ ಅಲ್ಲಿಯದು ದಯೆಯಲ್ಲವೆಂದು ಆಕ್ಷೇಪಿಸಬಹುದು. ದಯೆಯಲ್ಲವೆಂಬುದು ದಿಟ. ಆದರೆ ಆ ದೃಷ್ಟಾಂತದಿಂದ ಸಿದ್ಧವಾಗುವ ಅಂಶ ಬೇರೆ: ವಿಷವಿಲ್ಲದೆ ಬೇಸಾಯವೇ ಆಗದೆಂಬ ಮಾತು ನಿಜವಲ್ಲ. ಬೇಕೆಂದು ತೋರಿದಲ್ಲಿ ಈ ಸೀಮೆಯ ರೈತನು ಅದನ್ನು ಹಿಡಿತದಲ್ಲಿಡಬಲ್ಲನು, ಇಟ್ಟೂ ತೋರಿಸಿದ್ದಾನೆ.

ವಿಷಕ್ಕೆ ತನ್ನವರು ಪರರೆಂಬ ವಿವೇಕವಿಲ್ಲವೆಂಬುದನ್ನು ಹನೂರಿನ ಜನರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. 2018ರ ಡಿಸೆಂಬರಿನಲ್ಲಿ ಸುಳುವಾಡಿಯ ಮಾರಮ್ಮನ ಗುಡಿಯಲ್ಲಿ ದುರುದ್ದೇಶದಿಂದ ಪ್ರಸಾದಕ್ಕೆ ಬೆರೆಸಿದ್ದು ಹೊಲಕ್ಕೆ ಹೊಡೆಯುವ ಮಾನೋಕ್ರೊಟೋಫಾಸ್ ಎಂಬ ಕೀಟನಾಶಕವನ್ನೇ. ಅದರಿಂದ 17 ಮಂದಿ ಪ್ರಾಣವನ್ನು ಕಳೆದುಕೊಂಡರು. ಅಲ್ಲಿ ಬೆರೆಸಿದವರ ಅಪರಾಧ ಬೇರೆ, ಹೊಲದಲ್ಲಿ ಬಳಸುವವನ ಅಜಾಗ್ರತೆ ಬೇರೆ; ಇವೆರಡನ್ನೂ ಸಮವೆನ್ನುವುದು ಅನ್ಯಾಯ. ಆದರೆ ಇಂತಹ ಪದಾರ್ಥವು ಮನೆಮನೆಯ ಮೂಲೆಯಲ್ಲಿ ಸಾಧಾರಣ ವಸ್ತುವಾಗಿ ಕುಳಿತಿರುವಾಗ, ಅದರ ಮೇಲೆ ಒಂದು ಪರಿಮಳವನ್ನು ಲೇಪಿಸಿ ಜೀವರಕ್ಷಣೆಯಾಯಿತೆಂದು ತೃಪ್ತಿಪಡುವುದು ವಿವೇಕಿಗಳಿಗೆ ತಕ್ಕುದಲ್ಲ.

ಇಷ್ಟರಿಂದ ಸಿದ್ಧಾಂತವನ್ನು ಹೀಗೆ ಸಂಗ್ರಹಿಸಬಹುದು. ಗಂಧದ ಪರೀಕ್ಷೆಯು ಒಳ್ಳೆಯದೇ. ಸುಳ್ಳು ನಂಬಿಕೆಯಿಂದ ಮನುಷ್ಯನಿಗೂ ಜೇನಿಗೂ ಕೇಡಾಗುವುದನ್ನು ಅದು ತಪ್ಪಿಸುತ್ತದೆ. ಆದರೆ ಪರೀಕ್ಷೆಯು ಹೇಳುವುದು ಏನು ಆಗಬಲ್ಲದೆಂಬುದನ್ನು ಮಾತ್ರ. ಏನು ಆಗತಕ್ಕದ್ದೆಂಬುದನ್ನು ಹೇಳುವ ಶಕ್ತಿ ಅದಕ್ಕಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮೂರು ಸಂಗತಿಗಳನ್ನು ನೋಡಬೇಕು: ಹಾರಲಾರದ ಮರಿಗಳ ಗತಿಯೇನು, ಸರಿದವಕ್ಕೆ ಮರಳುವ ದಾರಿಯುಂಟೇ, ಓಡಿಸುವ ಬದಲು ಕಾಯುವುದರಿಂದಾಗಲಿ ತನ್ನ ನಡತೆಯನ್ನು ತಿದ್ದಿಕೊಳ್ಳುವುದರಿಂದಾಗಲಿ ಕೆಲಸ ಆಗದೇ? ಮೂರಕ್ಕೂ ಸಮರ್ಪಕವಾದ ಉತ್ತರವಿದ್ದಲ್ಲಿ ಗಂಧವು ದಯೆಯ ಸಾಧನ. ಇಲ್ಲದಿದ್ದಲ್ಲಿ ಅದು ಬೆಂಕಿಗಿಂತ ಸುಖಕರವಾದ ಬೆಂಕಿ. ಸುಖವಾದರೂ ಓಡಿಸುವವನಿಗೆ, ಓಡುವವರಿಗಲ್ಲ.

ಬೃಹದಾರಣ್ಯಕದ ಮಧುವಿದ್ಯೆಯು ಪೃಥಿವಿಯನ್ನು ಸರ್ವಭೂತಗಳಿಗೂ, ಸರ್ವಭೂತಗಳನ್ನು ಪೃಥಿವಿಗೂ ಮಧುವೆಂದು ಭಾವಿಸುವ ಉಪದೇಶ. ಯಳಂದೂರಿನ ತಪ್ಪಲಿನ ಹೊಂಗೆ ಬೇವುಗಳು ಹೂವಾದ ದಿನಗಳಲ್ಲಿ ಬೆಟ್ಟದಿಂದಿಳಿದು ಬರುವ ಹೆಜ್ಜೇನು ಆ ಉಪದೇಶವನ್ನು ತಿಳಿಯದೆಯೇ ಆಚರಿಸುತ್ತದೆ. ಅದು ಬಾರದಂತೆ ಮಾಡುವ ಗಂಧ ಯಾವುದೆಂದು ಹುಡುಕುವವರು, ಅದು ಬಾರದೇ ಹೋದ ವರ್ಷ ಆ ಮರಗಳಲ್ಲಿ ಕಾಯೆಷ್ಟು ಕಟ್ಟಿತೆಂಬುದನ್ನೂ ಎಣಿಸಿ ನೋಡುವುದು ಯುಕ್ತ. ಅದೂ ಒಂದು ವ್ಯತಿರೇಕಪರೀಕ್ಷೆಯೇ ಸರಿ.